ಆರ್ಯ, ಇಂಡೋ-ಆರ್ಯನ್, ಇಂಡೋ-ಇರಾನಿಯನ್: ಭಾಷೆಗಿಟ್ಟ ಹೆಸರು ಜನರಿಗೆ ಅಂಟಿದ್ದು ಹೇಗೆ?

ಕನ್ನಡದಲ್ಲಿ ಭಾಷೆಯ ಬಗ್ಗೆ ವಾದ ಎದ್ದಾಗಲೆಲ್ಲ ಎರಡು ಪದ ಬಂದೇ ಬರುತ್ತವೆ: ಆರ್ಯ, ದ್ರಾವಿಡ. ‘ಕನ್ನಡ ತಮಿಳಿನಿಂದ ಹುಟ್ಟಿತು’ ಎಂದು 2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಹೇಳಿದಾಗ ಎದ್ದ ಗದ್ದಲ ನಮಗೆಲ್ಲ ನೆನಪಿದೆ. ಇಂಥ ವಾದಗಳು ಭಾಷೆಯಲ್ಲಿ ಶುರುವಾಗಿ ರಕ್ತದಲ್ಲಿ ಮುಗಿಯುವುದೇ ಜಾಸ್ತಿ. ಯಾರು ಮೂಲದವರು, ಯಾರು ಹೊರಗಿನಿಂದ ಬಂದವರು, ಯಾರ ಡಿಎನ್‌ಎ ಯಾವುದು ಎಂಬಲ್ಲಿಗೆ ಮಾತು ಹೋಗಿ ನಿಲ್ಲುತ್ತದೆ. ದ್ರಾವಿಡ ಎಂಬ ಪದದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರಹ ಬಂದಿದೆ. ಅದರ ಎದುರಿಗೆ ನಿಲ್ಲಿಸುವ ‘ಆರ್ಯ’ದ ಹಿಂದೆ ನಿಜಕ್ಕೂ ಏನಿದೆ ಅನ್ನುವುದು ಮಾತ್ರ ಮಸುಕಾಗಿಯೇ ಉಳಿದಿದೆ. ಅದರ ಹಿಂದೆ ಇರುವುದು ಒಂದು ಭಾಷಾ ಬಳಗ. ಇವತ್ತು ವಿದ್ವಾಂಸರು ಅದಕ್ಕೆ ಬಳಸುವ ಹೆಸರು ಇಂಡೋ-ಇರಾನಿಯನ್.

ಹೆಸರು ಕೇಳಿದರೆ ಇರಾನಿನಲ್ಲಿರುವ ಚಾಬಹಾರ್ ಬಂದರಿನ ಸುದ್ದಿ ಅನಿಸಬಹುದು. ಆದರೆ ಇದು ಎರಡು ದೇಶಗಳ ಸಂಬಂಧದ ಮಾತಲ್ಲ. ಇಂಡೋ-ಯುರೋಪಿಯನ್ ಎಂಬ ದೊಡ್ಡ ಭಾಷಾ ಕುಟುಂಬದಲ್ಲಿ ಜರ್ಮನಿಕ್, ಸ್ಲಾವಿಕ್, ಗ್ರೀಕ್ ಮುಂತಾದ ಶಾಖೆಗಳಿವೆ. ಹಾಗೆಯೇ ಇದೂ ಒಂದು ಶಾಖೆ. ಮನೆಮಾತಾಗಿ ಆಡುವವರ ಲೆಕ್ಕ ಹಿಡಿದರೆ ಆ ಕುಟುಂಬದಲ್ಲಿ ಇದೇ ಅತಿ ದೊಡ್ಡದು. 150 ಕೋಟಿಗೂ ಹೆಚ್ಚು ಜನ ಈ ಶಾಖೆಯ ಒಂದಲ್ಲ ಒಂದು ಭಾಷೆ ಆಡುತ್ತಾರೆ.

ಶಾಖೆಯಲ್ಲಿ ಮೂರು ಕವಲುಗಳಿವೆ. ಮೊದಲನೆಯದು ಇಂಡೋ-ಆರ್ಯನ್. ಸಂಸ್ಕೃತ, ಪಾಲಿ, ಪ್ರಾಕೃತಗಳು ಇದರ ಹಳೆಯ ರೂಪಗಳು. ಹಿಂದಿ, ಉರ್ದು, ಬಂಗಾಳಿ, ಮರಾಠಿ, ಗುಜರಾತಿ, ಪಂಜಾಬಿ, ಒಡಿಯಾ, ನೇಪಾಳಿ, ಕಾಶ್ಮೀರಿ, ಕೊಂಕಣಿ ಇವತ್ತಿನವು. ಶ್ರೀಲಂಕಾದ ಸಿಂಹಳ, ಮಾಲ್ಡೀವ್ಸ್‌ನ ದಿವೇಹಿ ಕೂಡ ಇಲ್ಲಿಗೇ ಸೇರುತ್ತವೆ. ಎರಡನೆಯದು ಇರಾನಿಯನ್. ಜೊರಾಸ್ಟ್ರಿಯನ್ನರ ಪವಿತ್ರ ಗ್ರಂಥ ಅವೆಸ್ತಾದ ಭಾಷೆ, ಹಳೆಯ ಪರ್ಷಿಯನ್, ಇವತ್ತಿನ ಫಾರ್ಸಿ, ಪಶ್ತೋ, ಕುರ್ದಿಶ್, ಬಲೂಚಿ ಇದರವು. ಮೂರನೆಯದು ಅಫ್ಘಾನಿಸ್ತಾನದ ಹಿಂದೂಕುಶ್ ಕಣಿವೆಗಳಲ್ಲಿ ಉಳಿದಿರುವ ನೂರಿಸ್ತಾನಿ. ಇದರಲ್ಲಿ ಬೆರಳೆಣಿಕೆಯಷ್ಟು ಪುಟ್ಟ ಭಾಷೆಗಳಿವೆ. ನಾರ್ವೆಯ ಗೇಯೋರ್ಗ್ ಮೋರ್ಗೆನ್‌ಸ್ಟಿಯರ್ನೆ 1924ರಲ್ಲಿ ಕಾಬೂಲ್‌ಗೆ ಹೋಗಿ ಕೆಲಸ ಶುರು ಮಾಡದಿದ್ದರೆ ಈ ಮೂರನೇ ಕವಲಿನ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ ಇರುತ್ತಿತ್ತು. ಇಂಡೋ-ಇರಾನಿಯನ್ ಎಂಬ ಹೆಸರಿನಲ್ಲಿ ಇವರಿಗೆ ಜಾಗವೇ ಇಲ್ಲ, ಗಮನಿಸಿ. ಹೆಸರು ಎರಡು ತುದಿಗಳನ್ನಷ್ಟೇ ಹೇಳುತ್ತದೆ.

ದೇಶದ ಗಡಿಗೂ ಈ ಹೆಸರುಗಳಿಗೂ ತಾಳೆ ಹಾಕಲು ಹೋಗಬಾರದು. ಇರಾನಿಯನ್ ಭಾಷೆ ಎಂದರೆ ಇರಾನಿನಲ್ಲಿ ಆಡುವ ಭಾಷೆ ಅಂತಲ್ಲ. ಕಾಕಸಸ್ ಬೆಟ್ಟಗಳಲ್ಲಿ ಆಡುವ ಒಸೆಟಿಯನ್ ಇರಾನಿಯನ್ ಭಾಷೆ. ಇರಾನಿನೊಳಗೆ ದೊಡ್ಡ ಸಂಖ್ಯೆಯ ಜನ ಆಡುವ ಅಜರ್ಬೈಜಾನಿ ತುರ್ಕಿ ಕುಟುಂಬದ್ದು. ಹಾಗೆಯೇ ‘ಇಂಡೋ’ ಎಂದ ಮಾತ್ರಕ್ಕೆ ಇಂಡಿಯಾದ ಎಲ್ಲ ಭಾಷೆಗಳು ಅಲ್ಲಿ ಬರುವುದಿಲ್ಲ. ನಮ್ಮ ಕನ್ನಡವೇ ಬರುವುದಿಲ್ಲ ಅಲ್ವಾ?

ಹೋಲಿಕೆ ಸಾಲದು, ನಿಯಮ ಬೇಕು

ಸಂಸ್ಕೃತ ಮತ್ತು ಅವೆಸ್ತಾದ ಭಾಷೆ ಒಂದೇ ಬಳಗದವು ಎಂದು ಹೇಗೆ ಗೊತ್ತಾಯಿತು? ಪದಗಳು ಒಂದೇ ಥರ ಕೇಳಿಸುತ್ತವೆ ಎಂಬ ಉತ್ತರ ಸಾಲದು. ಫಾರ್ಸಿಯಲ್ಲಿ ‘ಬದ್’ ಎಂದರೆ ಕೆಟ್ಟ. ಬದ್ಮಾಶ್ ಎನ್ನುವಾಗ ನಾವು ಬಳಸುವುದು ಅದನ್ನೇ. ಇಂಗ್ಲಿಷಿನ ‘ಬ್ಯಾಡ್’ಗೂ ಅದೇ ಅರ್ಥ, ಹೆಚ್ಚೂಕಡಿಮೆ ಅದೇ ಉಚ್ಚಾರ. ಆದರೂ ಎರಡಕ್ಕೂ ಏನೇನೂ ಸಂಬಂಧವಿಲ್ಲ, ಅದು ಬರೀ ಕಾಕತಾಳೀಯ. ಒಂದೆರಡು ಪದ ಹಿಡಿದುಕೊಂಡು ‘ಜಗತ್ತಿನ ಭಾಷೆಗಳೆಲ್ಲ ನಮ್ಮಿಂದಲೇ ಹುಟ್ಟಿದವು’ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳು ದಾರಿ ತಪ್ಪುವುದು ಇಲ್ಲಿಯೇ.

ಭಾಷಾ ವಿಜ್ಞಾನ ಹುಡುಕುವುದು ನಿಯಮವನ್ನು. ಸಂಸ್ಕೃತದಲ್ಲಿ ಸ್ವರದ ಮೊದಲು ಸಕಾರ ಇರುವಲ್ಲಿ ಅವೆಸ್ತಾದಲ್ಲಿ ಹಕಾರ ಬರುತ್ತದೆ: ಸೋಮಕ್ಕೆ ಹಓಮ, ಸಪ್ತಕ್ಕೆ ಹಪ್ತ, ಅಸುರಕ್ಕೆ ಅಹುರ, ಸಿಂಧುವಿಗೆ ಹಿಂದು. ಸಂಸ್ಕೃತದಲ್ಲಿ ಹಕಾರ ಇರುವಲ್ಲಿ ಅಲ್ಲಿ ಜ಼ಕಾರ: ಹಸ್ತಕ್ಕೆ ಜ಼ಸ್ತ, ಬಾಹುವಿಗೆ ಬಾಜ಼ು, ಹಿರಣ್ಯಕ್ಕೆ ಜ಼ರಣ್ಯ. ಮತ್ತೆ ಮತ್ತೆ, ನೂರಾರು ಪದಗಳಲ್ಲಿ ಇದೇ ಅದಲುಬದಲು. ಅವೆಸ್ತಾದಲ್ಲಿ ಮಿಥ್ರನನ್ನು ಕುರಿತ ಸ್ತುತಿಯ ಒಂದು ಸಾಲು ಹೀಗಿದೆ: ‘ತೆಮ್ ಅಮವಂತೆಮ್ ಯಜ಼ತೆಮ್ ಸೂರೆಮ್ ದಾಮೋಹು ಸೆವಿಶ್ತೆಮ್ ಮಿಥ್ರೆಮ್ ಯಜ಼ಾಇ ಜ಼ಓಥ್ರಾಬ್ಯೋ’. ವಿದ್ವಾಂಸರು ಈ ನಿಯಮಗಳನ್ನಷ್ಟೇ ಹಚ್ಚಿ ಅದನ್ನು ಸಂಸ್ಕೃತಕ್ಕೆ ತಿರುಗಿಸಿದ್ದಾರೆ: ‘ತಮ್ ಅಮವಂತಂ ಯಜತಂ ಶೂರಂ ಧಾಮಸು ಶವಿಷ್ಠಂ ಮಿತ್ರಂ ಯಜೈ ಹೋತ್ರಾಭ್ಯಃ’. ಈ ಎರಡನೇ ಸಾಲು ಯಾವ ವೇದದಲ್ಲೂ ಇಲ್ಲ, ಹೋಲಿಕೆ ತೋರಿಸಲು ಕಟ್ಟಿದ್ದು. ಆದರೆ ಸಂಸ್ಕೃತ ಬಲ್ಲವರಿಗೆ ಅರ್ಥವಾಗುತ್ತದೆ: ಬಲಶಾಲಿಯೂ ಶೂರನೂ ಪೂಜ್ಯನೂ ಆದ ಮಿತ್ರನನ್ನು ಆಹುತಿಗಳಿಂದ ಪೂಜಿಸುತ್ತೇನೆ ಎಂಬ ಮಾತು.

ಹಾಗಾದರೆ ಅವೆಸ್ತಾದ ಭಾಷೆ ಸಂಸ್ಕೃತದಿಂದಲೇ ಹುಟ್ಟಿರಬಹುದಲ್ಲ? ಈ ಪ್ರಶ್ನೆಯನ್ನು ತುಂಬ ಜನ ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಉತ್ತರ ಸಂಸ್ಕೃತದ ಒಳಗೇ ಇದೆ. ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ‘ಚಕಾರ’, ‘ಜಗಾಮ’ ಎಂಬ ರೂಪಗಳು ಗೊತ್ತು. ಮಾಡಿದನು, ಹೋದನು ಎಂದು ಅರ್ಥ. ಲಿಟ್ ಎಂದು ಕರೆಯುವ ಈ ಭೂತಕಾಲದ ರೂಪದಲ್ಲಿ ಧಾತುವಿನ ಮೊದಲ ವ್ಯಂಜನ ಎರಡು ಸಲ ಬರುತ್ತದೆ. ಪತ್ ಎಂಬುದಕ್ಕೆ ಪಪಾತ. ಸರಿ. ಹಾಗಿದ್ದರೆ ಕೃ ಎಂಬುದಕ್ಕೆ ‘ಕಕಾರ’ ಆಗಬೇಕಿತ್ತು, ಗಮ್ ಎಂಬುದಕ್ಕೆ ‘ಗಗಾಮ’ ಆಗಬೇಕಿತ್ತು. ಆಗಿಲ್ಲ. ಪಾಣಿನಿಯ ವ್ಯಾಕರಣ ಇದನ್ನು ಸೂತ್ರವಾಗಿ ಹೇಳುತ್ತದೆ. ಯಾಕೆ ಹಾಗಾಯಿತು ಅನ್ನುವುದು ತಿಳಿಯಲು ಗ್ರೀಕ್ ಕಡೆ ನೋಡಬೇಕು. ಗ್ರೀಕ್‌ನಲ್ಲಿ ಇದೇ ಬಗೆಯ ರೂಪಗಳ ಮೊದಲಕ್ಷರದಲ್ಲಿ ಎಕಾರ ಇದೆ. ಅಂದರೆ ಬಹಳ ಹಿಂದೆ ಅದು ‘ಕೆ’ ಎಂಬಂತಿತ್ತು. ಎಕಾರಕ್ಕಿಂತ ಮೊದಲು ಬಂದ ಕಕಾರ ಚಕಾರವಾಯಿತು. ಆಮೇಲೆ ಆ ಎಕಾರವೇ ಅಕಾರವಾಗಿ ಬದಲಾಯಿತು. ಎಕಾರ ಹೋಯಿತು, ಅದು ಮಾಡಿದ ಬದಲಾವಣೆ ಮಾತ್ರ ಉಳಿಯಿತು.

ಇದನ್ನು 1870ರ ದಶಕದಲ್ಲಿ ಯುರೋಪಿನ ಹಲವು ವಿದ್ವಾಂಸರು ಹೆಚ್ಚುಕಡಿಮೆ ಒಟ್ಟಿಗೇ ಕಂಡುಕೊಂಡರು. ಅಲ್ಲಿಯವರೆಗೆ ಸಂಸ್ಕೃತದ ಅಕಾರವೇ ಹಳೆಯದು, ಗ್ರೀಕ್, ಲ್ಯಾಟಿನ್‌ಗಳು ಆಮೇಲೆ ಅದನ್ನು ಅ, ಎ, ಒ ಎಂದು ಒಡೆದುಕೊಂಡವು ಎಂಬ ನಂಬಿಕೆ ಇತ್ತು. ಅದು ತಲೆಕೆಳಗಾಯಿತು. ದಶ ಎಂಬಲ್ಲಿ ಗ್ರೀಕ್‌ನಲ್ಲಿ ‘ದೆಕ’, ಅಷ್ಟ ಎಂಬಲ್ಲಿ ‘ಒಕ್ತೊ’. ಹಳೆಯ ಎ, ಒ ಉಳಿಸಿಕೊಂಡಿದ್ದು ಗ್ರೀಕ್. ಮೂರನ್ನೂ ಒಂದೇ ಅಕಾರದಲ್ಲಿ ಸೇರಿಸಿದ್ದು ಸಂಸ್ಕೃತ. ಹಾಗಾಗಿ ಸಂಸ್ಕೃತ ಈ ಕುಟುಂಬದ ತಾಯಿ ಅಲ್ಲ, ಹಿರಿಯ ಅಕ್ಕಂದಿರಲ್ಲಿ ಒಬ್ಬಳು. ಇದರಿಂದ ಸಂಸ್ಕೃತದ ಗೌರವಕ್ಕೆ ಕೊರತೆ ಏನೂ ಇಲ್ಲ. ಇನ್ನೊಂದು ಸಂಗತಿ ಈ ಲೇಖನಕ್ಕೆ ಮುಖ್ಯ. ಇರಾನಿನ ಬೆಹಿಸ್ತೂನ್‌ನ ಹಳೆಯ ಪರ್ಷಿಯನ್ ಶಾಸನದಲ್ಲಿ ‘ಕರ್’ ಧಾತುವಿನ ಇಂಥದೇ ರೂಪ ಒಂದಿದೆ: ‘ಚಖ್ರಿಯಾ’. ಅಲ್ಲೂ ಕಕಾರ ಇರಬೇಕಾದ ಜಾಗದಲ್ಲಿ ಚಕಾರ. ಅಂದರೆ ಇಂಡೋ-ಆರ್ಯನ್, ಇರಾನಿಯನ್ ಬೇರೆಯಾಗುವ ಮೊದಲೇ ಈ ಬದಲಾವಣೆ ಆಗಿಹೋಗಿತ್ತು. ಎರಡೂ ಸೇರಿ ಒಂದೇ ಶಾಖೆ ಎಂದು ಹೇಳುವುದಕ್ಕೆ ಇಂಥ ಹಂಚಿಕೊಂಡ ಬದಲಾವಣೆಗಳೇ ಆಧಾರ.

ದೇವ–ಅಸುರ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅವೆಸ್ತಾದಲ್ಲಿ ಅಹುರ ಒಳ್ಳೆಯವನು, ದಏವ ಕೆಟ್ಟವನು. ನಮ್ಮಲ್ಲಿ ತಿರುಗುಮುರುಗು. ಒಂದೇ ಜನ ಧರ್ಮದ ಜಗಳದಲ್ಲಿ ಎರಡಾಗಿ, ಒಬ್ಬರ ದೇವರು ಇನ್ನೊಬ್ಬರಿಗೆ ರಾಕ್ಷಸನಾದ ಎಂಬ ಕಥೆ ತುಂಬಾ ಓಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಋಗ್ವೇದದ ಹಳೆಯ ಭಾಗಗಳಲ್ಲಿ ವರುಣನನ್ನು, ಇಂದ್ರನನ್ನು, ಅಗ್ನಿಯನ್ನು ಗೌರವದಿಂದಲೇ ಅಸುರ ಎಂದು ಕರೆಯಲಾಗಿದೆ. ಕೆಟ್ಟ ಅರ್ಥ ನಮ್ಮಲ್ಲಿ ನಿಧಾನವಾಗಿ, ಆಮೇಲೆ ಬಂದದ್ದು. ಒಂದು ದಿನದ ಜಗಳಕ್ಕೆ ಇದು ಹೊಂದುವುದಿಲ್ಲ.

ಈ ಅಧ್ಯಯನ ನಡೆದ ದಾರಿಯೂ ನಮ್ಮ ಉಪಖಂಡದ್ದೇ. ಫ್ರಾನ್ಸಿನ ಆಂಕೆತಿಲ್ ದ್ಯುಪೆರೋನ್ ಸೂರತ್‌ನ ಪಾರ್ಸಿ ಪುರೋಹಿತರ ಹತ್ತಿರ ಕಲಿತು 1771ರಲ್ಲಿ ಅವೆಸ್ತಾದ ಅನುವಾದ ಪ್ರಕಟಿಸಿದರು. ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತದ ಏಷಿಯಾಟಿಕ್ ಸೊಸೈಟಿಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಂಬಂಧದ ಬಗ್ಗೆ ಮಾತಾಡಿದ್ದು ಎಲ್ಲರಿಗೂ ಗೊತ್ತು. ಅವರಿಗಿಂತ ಹತ್ತೊಂಬತ್ತು ವರ್ಷ ಮೊದಲೇ ದಕ್ಷಿಣ ಭಾರತದಲ್ಲಿದ್ದ ಫ್ರೆಂಚ್ ಪಾದ್ರಿ ಕೂರ್ದೂ ಇದನ್ನು ಗುರುತಿಸಿ ಪತ್ರ ಬರೆದಿದ್ದರು ಎಂಬುದು ಗೊತ್ತಿರುವವರು ಕಡಿಮೆ. ಕನ್ನಡ, ತಮಿಳು, ತೆಲುಗು ಈ ಕುಟುಂಬಕ್ಕೆ ಸೇರುವುದಿಲ್ಲ, ಅವುಗಳದೇ ಬೇರೆ ಕುಟುಂಬ ಎಂದು ಮದ್ರಾಸಿನಲ್ಲಿ ಎಲ್ಲಿಸ್ 1816ರಲ್ಲೇ ತೋರಿಸಿದರು. ಕಾಲ್ಡ್‌ವೆಲ್ ಅದನ್ನು 1856ರಲ್ಲಿ ವಿಸ್ತಾರವಾಗಿ ಬರೆದರು.

ಒಂದು ಪದದ ಪಾಡು

‘ಆರ್ಯ’ ಎಂಬುದು ಯುರೋಪಿನವರು ಕಟ್ಟಿದ ಪದವಲ್ಲ. ಇಂಡೋ-ಆರ್ಯನ್, ಇರಾನಿಯನ್ ಎರಡೂ ಕವಲಿನ ಹಳೆಯ ಜನ ತಮ್ಮನ್ನು ಹಾಗೇ ಕರೆದುಕೊಂಡಿದ್ದರು. ಋಗ್ವೇದದಲ್ಲಿ ಇದೆ, ಅವೆಸ್ತಾದಲ್ಲಿ ಇದೆ. ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಪರ್ಷಿಯಾದ ಡೇರಿಯಸ್ ದೊರೆ ನಕ್ಷ್-ಎ-ರುಸ್ತಮ್‌ನ ಶಾಸನದಲ್ಲಿ ತನ್ನನ್ನು ಪರ್ಷಿಯನ್ನನ ಮಗ ಪರ್ಷಿಯನ್, ಆರ್ಯ ವಂಶದ ಆರ್ಯ ಎಂದು ಹೇಳಿಕೊಂಡಿದ್ದಾನೆ. ಬೆಹಿಸ್ತೂನ್‌ನಲ್ಲಿ ಅವನು ಇದೇ ಪದವನ್ನು ಭಾಷೆಯ ಹೆಸರಾಗಿಯೂ ಬಳಸಿದ್ದಾನೆ. ಅಫ್ಘಾನಿಸ್ತಾನದ ರಬಾತಕ್‌ನಲ್ಲಿ 1993ರಲ್ಲಿ ಸಿಕ್ಕ ಕನಿಷ್ಕನ ಶಾಸನ ಇನ್ನೂ ಕುತೂಹಲದ್ದು. ಗ್ರೀಕ್‌ನಲ್ಲಿದ್ದ ಆಜ್ಞೆಯನ್ನು ‘ಆರ್ಯ’ ಭಾಷೆಗೆ ತಂದ ಮಾತು ಅದರಲ್ಲಿದೆ. ಆ ಭಾಷೆ ಸಂಸ್ಕೃತವೂ ಅಲ್ಲ, ಪ್ರಾಕೃತವೂ ಅಲ್ಲ, ಬ್ಯಾಕ್ಟ್ರಿಯನ್ ಎಂಬ ಇರಾನಿಯನ್ ಭಾಷೆ. ಇರಾನ್ ಎಂಬ ಹೆಸರೇ ‘ಆರ್ಯರ’ ಎಂಬುದರಿಂದ ಬಂದದ್ದು. ಆ ಹೆಸರನ್ನೇ ಬಳಸಬೇಕೆಂದು ಅಲ್ಲಿನ ಸರ್ಕಾರ ಬೇರೆ ದೇಶಗಳನ್ನು ಕೇಳಿಕೊಂಡದ್ದು 1935ರಲ್ಲಿ. ಇತ್ತ ಭಾರತದಲ್ಲಿ ಪದ ಬೇರೆ ದಾರಿ ಹಿಡಿಯಿತು. ಬುದ್ಧನ ಬೋಧನೆಯಲ್ಲಿ ನಾಲ್ಕು ‘ಆರ್ಯ’ಸತ್ಯಗಳಾದವು. ನಾಟಕಗಳಲ್ಲಿ ಹೆಂಡತಿ ಗಂಡನನ್ನು ಆರ್ಯಪುತ್ರ ಎಂದು ಕರೆದಳು. ಇಲ್ಲಿ ಅದು ಗೌರವದ ಮಾತಾಗಿ ಉಳಿಯಿತು.

ಯುರೋಪಿನಲ್ಲಿ 1819ರ ಹೊತ್ತಿಗೆ ಫ್ರೀಡ್ರಿಷ್ ಶ್ಲೇಗಲ್ ಈ ಪದವನ್ನು ಎತ್ತಿಕೊಂಡರು. ಮೊದಲು ಇಂಡೋ-ಇರಾನಿಯನ್ ಬಳಗಕ್ಕೆ ಹೆಸರಾಗಿದ್ದು, ನಂತರ ಹಲವರ ಬರಹದಲ್ಲಿ ಇಡೀ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಹೆಸರಾಯಿತು. 1853–55ರಲ್ಲಿ ಗೋಬಿನೋ ಅದನ್ನು ಜನಾಂಗದ ಹೆಸರು ಮಾಡಿ, ಜನಾಂಗಗಳಲ್ಲಿ ಮೇಲು ಕೀಳು ಎಂಬ ಸಿದ್ಧಾಂತ ಕಟ್ಟಿದರು. ಈ ಪದವನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯರಾದ ಮ್ಯಾಕ್ಸ್ ಮುಲ್ಲರ್ ಕೊನೆಗೆ ಗಾಬರಿಯಾದರು. ಆರ್ಯ ಎಂದರೆ ಭಾಷೆ ಮಾತ್ರ, ಆರ್ಯ ರಕ್ತ, ಆರ್ಯ ತಲೆಬುರುಡೆ ಎನ್ನುವುದು ತಪ್ಪು ಎಂದು 1888ರಲ್ಲಿ ಖಡಕ್ಕಾಗಿ ಬರೆದರು. ಆ ಹೊತ್ತಿಗೆ ಮಾತು ಕೈ ಮೀರಿತ್ತು.

ನಾಜಿಗಳು ಏನು ಮಾಡಿದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದು ಸಂಗತಿಯನ್ನು ಸಾಕಷ್ಟು ಹೇಳಿಲ್ಲ ಅನಿಸುತ್ತದೆ. ಅವರು ಕೊಂದವರಲ್ಲಿ ರೋಮಾ ಜನರೂ ಇದ್ದರು. ಯುರೋಪಿನವರು ಜಿಪ್ಸಿಗಳು ಎಂದು ಹೀಯಾಳಿಸಿದ ಜನ. ಸತ್ತವರು ಲಕ್ಷಗಟ್ಟಲೆ. ಈ ರೋಮಾ ಜನ ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ಕಡೆಯಿಂದ ಪಶ್ಚಿಮಕ್ಕೆ ಹೋದವರು. ಅವರ ರೋಮಾನಿ ಭಾಷೆ ಅಪ್ಪಟ ಇಂಡೋ-ಆರ್ಯನ್. ಎರಡಕ್ಕೆ ‘ದುಯಿ’, ಮೂರಕ್ಕೆ ‘ತ್ರಿನ್’, ನೀರಿಗೆ ‘ಪಾನಿ’, ಮನುಷ್ಯನಿಗೆ ‘ಮನುಶ್’ ಎನ್ನುತ್ತಾರೆ. ಆರ್ಯ ಜನಾಂಗದ ಶುದ್ಧಿಯ ಹೆಸರಿನಲ್ಲಿ, ಆ ದೇಶಗಳಲ್ಲಿ ಇಂಡೋ-ಆರ್ಯನ್ ಭಾಷೆಯನ್ನೇ ಮನೆಮಾತಾಗಿ ಆಡುತ್ತಿದ್ದ ಸಮುದಾಯವನ್ನು ಕೊಂದರು. ಭಾಷೆಯ ಹೆಸರನ್ನು ರಕ್ತದ ಹೆಸರು ಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೇ ಮಹಾಯುದ್ಧದ ನಂತರ ಭಾಷಾ ವಿಜ್ಞಾನಿಗಳು ಬರೀ ‘ಆರ್ಯನ್’ ಎನ್ನುವುದನ್ನು ಹೆಚ್ಚುಕಡಿಮೆ ಬಿಟ್ಟರು. ಇಡೀ ಶಾಖೆಗೆ ಇಂಡೋ-ಇರಾನಿಯನ್ ಎಂಬುದೇ ರೂಢಿಯಾಯಿತು. ಭಾರತದ ಕವಲಿಗೆ ಮಾತ್ರ ಇಂಡೋ-ಆರ್ಯನ್ ಉಳಿದುಕೊಂಡಿತು. ಅದನ್ನೂ ಬಿಟ್ಟು ಇಂಡಿಕ್ ಎನ್ನುವವರೂ ಇದ್ದಾರೆ. ಕನ್ನಡದಲ್ಲಿ ನಾವು ಇನ್ನೂ ‘ಆರ್ಯ ಭಾಷೆಗಳು’ ಎಂದು ಸುಮ್ನೆ ಬರೆದುಬಿಡುತ್ತೇವೆ. ಆ ಜಾಗದಲ್ಲಿ ಓದುಗರ ತಲೆಯಲ್ಲಿ ‘ಆರ್ಯರು’ ಎಂಬ ಜನ ಎದ್ದು ನಿಲ್ಲುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪಠ್ಯಪುಸ್ತಕಗಳಿಂದಲೇ ಇದು ಹೋಗಬೇಕು. ಇಂಡೋ-ಆರ್ಯನ್ ಎಂದು ಬರೆದಾಗಲೆಲ್ಲ ಪಕ್ಕದಲ್ಲಿ ‘ಭಾಷೆ’ ಎಂಬ ಪದ ಇರಲಿ. ಇವತ್ತು ಬದುಕಿರುವ ಯಾವ ಜನರಿಗೂ ಈ ಹೆಸರು ಬೇಡ.

ಬಂದರೋ, ಇಲ್ಲೇ ಇದ್ದರೋ?

ಭಾರತದಲ್ಲಿ ಈ ಪದ ಬಂದ ಕೂಡಲೇ ಜಗಳ ಎಬ್ಬಿಸುವ ಪ್ರಶ್ನೆ ಇದು. ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಸಿಕ್ಕಿರುವ ಸಾಕ್ಷ್ಯ ಮಧ್ಯ ಏಷ್ಯಾದ ಉತ್ತರದ ಹುಲ್ಲುಗಾವಲುಗಳ ಕಡೆ ಕೈ ತೋರಿಸುತ್ತದೆ. ಉರಲ್ ಬೆಟ್ಟಗಳ ದಕ್ಷಿಣಕ್ಕೆ ಕ್ರಿ.ಪೂ. 2000ದ ಆಸುಪಾಸಿನ ಸಿಂತಾಷ್ಟಾ ನೆಲೆಗಳಲ್ಲಿ ಕುದುರೆ ರಥಗಳು ಸಿಕ್ಕಿವೆ. ಅಲ್ಲಿಂದ ಉತ್ತರಕ್ಕಿದ್ದ ಫಿನ್ನಿಶ್ ಬಳಗದ ಭಾಷೆಗಳಲ್ಲಿ ಬಹಳ ಹಳೆಯ ಇಂಡೋ-ಇರಾನಿಯನ್ ಸಾಲಪದಗಳಿವೆ. ಫಿನ್ನಿಶ್‌ನಲ್ಲಿ ನೂರಕ್ಕೆ ‘ಸತ’, ಸುತ್ತಿಗೆಗೆ ‘ವಸರ’. ಇದು ನಮ್ಮ ‘ವಜ್ರ’ದ ನಂಟು. ಈ ಎರಡು ಭಾಷಾ ಬಳಗಗಳು ಎಲ್ಲೋ ಅಕ್ಕಪಕ್ಕದಲ್ಲಿ ಇರದೆ ಇಂಥ ಸಾಲ ನಡೆಯುವುದಿಲ್ಲ.

ಇನ್ನೊಂದು ತುದಿಯಲ್ಲಿ, ಇವತ್ತಿನ ಸಿರಿಯಾ–ಟರ್ಕಿ ಭಾಗದಲ್ಲಿ ಮಿತನ್ನಿ ರಾಜ್ಯವಿತ್ತು. ಕ್ರಿ.ಪೂ. 14ನೇ ಶತಮಾನದಲ್ಲಿ ಅದರ ದೊರೆ ಹಿಟ್ಟೈಟ್ ದೊರೆಯ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ (ಅಶ್ವಿನಿ ದೇವತೆಗಳ) ಹೆಸರಿದೆ. ಅದೇ ರಾಜ್ಯದ ಕಿಕ್ಕುಲಿ ಎಂಬಾತ ಕುದುರೆ ಪಳಗಿಸುವ ಬಗ್ಗೆ ಬರೆಸಿದ ಮಣ್ಣಿನ ಫಲಕಗಳಲ್ಲಿ ಸುತ್ತುಗಳ ಲೆಕ್ಕ ಐಕ, ತೆರ, ಪಂಜ, ಸತ್ತ ಎಂದು ಹೋಗುತ್ತದೆ. ಒಂದಕ್ಕೆ ಇರಾನಿಯನ್ ಕವಲಿನಲ್ಲಿ ‘ಐವ’. ಇಲ್ಲಿರುವುದು ‘ಐಕ’, ಅಂದರೆ ನಮ್ಮ ಏಕದ ಕಡೆಯದು. ಆ ಹೊತ್ತಿಗೆ ಎರಡು ಕವಲುಗಳು ಬೇರೆಯಾಗಿಬಿಟ್ಟಿದ್ದವು ಎಂಬುದಕ್ಕೆ ಇದು ಸಾಕ್ಷಿ.

2019ರಲ್ಲಿ ಬಂದ ಎರಡು ಹಳೆಯ ಡಿಎನ್‌ಎ ಅಧ್ಯಯನಗಳನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಎಳೆದಾಡಿದರು. ರಾಖಿಗಢಿಯಲ್ಲಿ ಸಿಕ್ಕ, ಸಿಂಧೂ ನಾಗರಿಕತೆಯ ಕಾಲದ ಹೆಂಗಸಿನ ಅಸ್ಥಿಯಲ್ಲಿ ಹುಲ್ಲುಗಾವಲು ಜನರ ವಂಶವಾಹಿ ಇರಲಿಲ್ಲ. ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಅದು ದಕ್ಷಿಣ ಏಷ್ಯಾಕ್ಕೆ ಬಂದು ಬೆರೆತದ್ದು ಇನ್ನೊಂದು ಅಧ್ಯಯನದಲ್ಲಿ ಕಾಣುತ್ತದೆ. ಭಾಷೆಯ ಸಾಕ್ಷ್ಯಕ್ಕೆ ಇದು ಹೊಂದುತ್ತದೆ. ಆದರೆ ಜೀನ್ ಹೇಳುವುದು ಜನ ನಡೆದ ದಾರಿಯನ್ನು, ಅವರ ಬಾಯಲ್ಲಿದ್ದ ಮಾತನ್ನಲ್ಲ. ಒಂದೇ ಸಲ ದಂಡೆತ್ತಿ ಬಂದು ಗೆದ್ದರು ಎಂಬುದಕ್ಕೂ ಪುರಾವೆ ಇಲ್ಲ. ಶತಮಾನಗಳ ಕಾಲ ಜನ ಬಂದರು, ಬೆರೆತರು, ಮದುವೆಯಾದರು, ಭಾಷೆ ಬದಲಿಸಿದರು. ಇವತ್ತು ಭಾರತದಲ್ಲಿರುವ ಬಹುಪಾಲು ನಾವೆಲ್ಲ ಆ ಬೆರಕೆಯ ಮಕ್ಕಳೇ. ಮನೆಯಲ್ಲಿ ಯಾವ ಭಾಷೆ ಆಡಿದರೂ ಅಷ್ಟೇ.

ಕನ್ನಡದ ನೆಲದಲ್ಲಿ

ಕನ್ನಡ ಈ ಬಳಗದ ಹೊರಗಿನದು, ನಿಜ. ಆದರೆ ಕನ್ನಡದ ನೆಲದಲ್ಲಿ ಈ ಬಳಗದ ಭಾಷೆಗಳು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಓಡಾಡಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನ ಪ್ರಾಕೃತದಲ್ಲಿದೆ. ಲಿಪಿ ಬ್ರಾಹ್ಮಿ. ಅದನ್ನು ಬರೆದ ಚಪಡ ಎಂಬಾತ ಕೊನೆಯಲ್ಲಿ ತನ್ನ ಕೆಲಸದ ಹೆಸರನ್ನು, ‘ಲಿಪಿಕರೇಣ’ ಎಂಬುದನ್ನು, ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಇರಾನಿನ ಅಕೆಮಿನಿಡ್ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಅರಾಮಾಯಿಕ್ ಲಿಪಿಯಿಂದ ಬೆಳೆದದ್ದು. ಆ ವಾಯವ್ಯದ ಅಶೋಕನ ಶಾಸನಗಳಲ್ಲಿ ಲಿಪಿಗೆ ‘ದಿಪಿ’ ಎಂದಿದೆ. ಅದು ಹಳೆಯ ಪರ್ಷಿಯನ್ ಪದ. ಪೇಶಾವರದ ಕಡೆಯ ಬರವಣಿಗೆ ಕಲಿತವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮೇಲೆ ರುಜು ಹಾಕಿದ ಎಂಬುದು ನನಗಂತೂ ಪುಳಕ ತರುವ ಸಂಗತಿ.

ನಂತರ ಫಾರ್ಸಿ ಬಂತು. ಬಹಮನಿಗಳ ಬೀದರ್, ಆದಿಲ್‌ಶಾಹಿಗಳ ವಿಜಯಪುರ, ಆಮೇಲೆ ಮೈಸೂರಿನಲ್ಲಿ ಟಿಪ್ಪುವಿನ ಆಡಳಿತ ಎಲ್ಲ ಕಡೆ ಅದಕ್ಕೆ ಸ್ಥಾನವಿತ್ತು. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ಬಂದವನು. ಸರ್ಕಾರ, ಜಮೀನು, ದರ್ಖಾಸ್ತು, ಬಂದೋಬಸ್ತ್, ಗುಮಾಸ್ತ ಎಂಬ ಪದಗಳಿಲ್ಲದೆ ನಮ್ಮ ತಾಲ್ಲೂಕು ಕಚೇರಿ ನಡೆಯುವುದಿಲ್ಲ. ಪೊಲೀಸರ ‘ದಸ್ತಗಿರಿ’ ನೋಡಿ. ದಸ್ತ್ ಎಂದರೆ ಕೈ, ಸಂಸ್ಕೃತದ ಹಸ್ತದ ಒಡಹುಟ್ಟು. ಗೀರ್ ಎಂದರೆ ಹಿಡಿಯುವುದು, ಗ್ರಹ್ ಧಾತುವಿನ ಒಡಹುಟ್ಟು. ‘ಸಪ್ತಾಹ’ ಸಂಸ್ಕೃತದ ದಾರಿಯಲ್ಲಿ ಬಂತು, ‘ಹಫ್ತಾ’ ಫಾರ್ಸಿಯ ದಾರಿಯಲ್ಲಿ. ನಾಲ್ಕು ಸಾವಿರ ವರ್ಷದ ಹಿಂದೆ ಬೇರೆಯಾದ ಎರಡು ಕವಲುಗಳು ಕನ್ನಡದ ಪದಕೋಶದಲ್ಲಿ ಮತ್ತೆ ಅಕ್ಕಪಕ್ಕ ಕೂತಿವೆ.

ಸಾಲ ಕೊಡುಕೊಳ್ಳುವುದು ಒಂದೇ ಕಡೆಯಿಂದ ನಡೆದಿಲ್ಲ. ಟ, ಡ, ಣ ವರ್ಗದ ಅಕ್ಷರಗಳು ಸಂಸ್ಕೃತದಲ್ಲಿವೆ, ಅಷ್ಟು ಹತ್ತಿರದ ಅವೆಸ್ತಾದಲ್ಲಿ ಇಲ್ಲ. ದ್ರಾವಿಡ ಭಾಷೆಗಳ ಒಡನಾಟ ಇದಕ್ಕೆ ಒಂದು ಕಾರಣ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದ ಅಧ್ಯಯನ ಪ್ರಸಿದ್ಧವಾದದ್ದು. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಆಡುತ್ತಾರೆ. ತಲೆತಲಾಂತರದ ಒಡನಾಟದಲ್ಲಿ ಮೂರೂ ಭಾಷೆಗಳ ವಾಕ್ಯರಚನೆ ಎಷ್ಟು ಒಂದಾಗಿದೆಯೆಂದರೆ, ಪದಕ್ಕೆ ಪದ ಬದಲಿಸುತ್ತ ಹೋದರೆ ಒಂದು ಭಾಷೆಯ ವಾಕ್ಯ ಇನ್ನೊಂದರದಾಗುತ್ತದೆ. ವಂಶದಲ್ಲಿ ಮರಾಠಿ ಫಾರ್ಸಿಗೆ ನೆಂಟ, ಕನ್ನಡಕ್ಕಲ್ಲ. ಬದುಕಿನಲ್ಲಿ ಅದು ಕನ್ನಡದ ನೆರೆಯವಳು. ಬಲೂಚಿಸ್ತಾನದಲ್ಲಿ ಇದರ ತಿರುವು ಚಿತ್ರ ಸಿಗುತ್ತದೆ. ನಮ್ಮ ದ್ರಾವಿಡ ಕುಟುಂಬದ ಬ್ರಾಹುಯಿ ಅಲ್ಲಿ ಇರಾನಿಯನ್ ಕವಲಿನ ಬಲೂಚಿಯ ನಡುವೆ ಬದುಕುತ್ತಾ, ಅದರಿಂದ ರಾಶಿ ಪದ ತೆಗೆದುಕೊಂಡಿದೆ.

ಜನಗಣತಿಯ ಕೋಷ್ಟಕದಲ್ಲಿ

ಇದೆಲ್ಲ ವಿದ್ವಾಂಸರ ವಿಷಯ, ನಮಗೇನು ಎನ್ನುವಂತಿಲ್ಲ. ಭಾಷೆಗೆ ಯಾರು ಯಾವ ಹೆಸರು ಕೊಡುತ್ತಾರೆ ಎಂಬುದು ಸರ್ಕಾರಿ ಲೆಕ್ಕದಲ್ಲಿ ಮಕ್ಕಳ ಶಾಲೆಯವರೆಗೂ ತಲುಪುತ್ತದೆ. ಟರ್ಕಿಯಲ್ಲಿ 1983ರ ಕಾನೂನೊಂದು ಕುರ್ದಿಶ್‌ನಲ್ಲಿ ಪ್ರಕಟಿಸುವುದನ್ನೇ ನಿಷೇಧಿಸಿತ್ತು, ಅದು ರದ್ದಾಗಿದ್ದು 1991ರಲ್ಲಿ. ನಮ್ಮಲ್ಲಿ ಅಂಥ ನಿಷೇಧ ಇಲ್ಲ. ಆದರೆ ಲೆಕ್ಕದಲ್ಲಿ ಮಾಯವಾಗುವುದಿದೆ.

2011ರ ಜನಗಣತಿಯ ಪ್ರಕಾರ ಭಾರತದ ಶೇ 78ರಷ್ಟು ಜನರ ಮಾತೃಭಾಷೆ ಇಂಡೋ-ಆರ್ಯನ್, ಶೇ 19.64ರಷ್ಟು ಜನರದು ದ್ರಾವಿಡ. ಹಿಂದಿ 52.8 ಕೋಟಿ ಜನರದು ಎಂದು ಅದೇ ಗಣತಿ ಹೇಳುತ್ತದೆ. ದೇಶದ ಶೇ 43.63. ಈ ಅಂಕಿಯನ್ನು ಎಲ್ಲ ರಾಜಕಾರಣಿಗಳೂ ಬಳಸುತ್ತಾರೆ. ಒಳಗೆ ಇಣುಕಿದರೆ, ತಮ್ಮ ಮಾತೃಭಾಷೆ ‘ಹಿಂದಿ’ ಎಂದೇ ಬರೆಸಿದವರು ಸುಮಾರು 32 ಕೋಟಿ ಮಾತ್ರ. ಉಳಿದದ್ದು ಐವತ್ತಕ್ಕೂ ಹೆಚ್ಚು ಬೇರೆ ಬೇರೆ ಮಾತೃಭಾಷೆಗಳನ್ನು ಅದರಡಿ ಸೇರಿಸಿದ್ದು. ಭೋಜಪುರಿ ಒಂದೇ 5 ಕೋಟಿ ದಾಟುತ್ತದೆ. ಗ್ರಿಯರ್ಸನ್ ಶತಮಾನದ ಹಿಂದೆ ಮಾಡಿದ ಭಾಷಾ ಸಮೀಕ್ಷೆಯಲ್ಲಿ ರಾಜಸ್ಥಾನಿಯನ್ನು ಹಿಂದಿಯಿಂದ ಬೇರೆ ಇಟ್ಟಿದ್ದರು, ಭೋಜಪುರಿಯನ್ನು ‘ಬಿಹಾರಿ’ ಗುಂಪಿನಲ್ಲಿ ಇಟ್ಟಿದ್ದರು. ಅಂದರೆ ಇದಕ್ಕೆ ಭಾಷಾ ವಿಜ್ಞಾನವನ್ನು ದೂರುವ ಹಾಗಿಲ್ಲ.

ಈ ಪಟ್ಟಿಯಲ್ಲಿ ಹಿಂದಿಯ ಕೆಳಗೆ ನಮ್ಮ ಲಂಬಾಣಿಯೂ ಇದೆ. ‘ಲಮಾಣಿ/ಲಂಬಾಡಿ’ ಎಂಬ ಹೆಸರಿನಲ್ಲಿ, ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ. ವಿಜಯಪುರ, ಕಲಬುರಗಿ, ದಾವಣಗೆರೆಯ ತಾಂಡಾಗಳಲ್ಲಿ ಈ ಭಾಷೆ ಆಡುವ ಮಗು ಹೊರಗೆ ಕನ್ನಡ ಆಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ. ಕೋಷ್ಟಕದಲ್ಲಿ ಮಾತ್ರ ಹಿಂದಿಯ ಮಗು. ಲಂಬಾಣಿ ಇಂಡೋ-ಆರ್ಯನ್ ಭಾಷೆ, ಅದರಲ್ಲಿ ಅನುಮಾನವಿಲ್ಲ. ಅದರ ಹತ್ತಿರದ ನೆಂಟರು ರಾಜಸ್ಥಾನಿ, ಗುಜರಾತಿ. ಗುಜರಾತಿಗೆ ತನ್ನದೇ ಸಾಲಿದೆ, ಲಂಬಾಣಿಗೆ ಇಲ್ಲ. 18 ಲಕ್ಷ ಜನರ ತುಳುವಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಹೊರಗೂ ಪ್ರತ್ಯೇಕ ಸಾಲಿದೆ. ಅದು ಸರಿಯಾದದ್ದೇ. 32 ಲಕ್ಷ ಜನರ ಲಂಬಾಣಿಗೆ ಯಾಕಿಲ್ಲ? ಬಳಗ ಒಂದೇ ಎಂಬ ನೆಪದಲ್ಲಿ ಭಾಷೆಯನ್ನೇ ನುಂಗುವುದು ಇದು. ಮೈಥಿಲಿ ಕೂಡ ಒಂದು ಕಾಲಕ್ಕೆ ಹಿಂದಿಯ ಕೆಳಗೇ ಇತ್ತು. 2003ರ 92ನೇ ತಿದ್ದುಪಡಿಯಿಂದ ಎಂಟನೇ ಪರಿಚ್ಛೇದಕ್ಕೆ ಸೇರಿದ ಮೇಲೆ ಅದಕ್ಕೆ ಬೇರೆ ಸಾಲು ಸಿಕ್ಕಿತು. ಮೈಥಿಲಿಯ ವಂಶವೃಕ್ಷ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ರಾಜಕೀಯ ಒತ್ತಡ.

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಗಣತಿದಾರರು ಮನೆಗೆ ಬಂದು ಮಾತೃಭಾಷೆ ಕೇಳಿದಾಗ ತಾಂಡಾದವರು ಲಂಬಾಣಿ ಎಂದೇ ಬರೆಸಬೇಕು. ಅದರಿಂದ ಅರ್ಧ ಕೆಲಸವಷ್ಟೇ ಆಗುತ್ತದೆ. 2011ರಲ್ಲೂ 32 ಲಕ್ಷ ಜನ ಹಾಗೇ ಬರೆಸಿದ್ದರು. ಯಾವ ಮಾತೃಭಾಷೆಯನ್ನು ಯಾವ ಭಾಷೆಯಡಿ ಸೇರಿಸಬೇಕು ಎಂಬುದನ್ನು ತೀರ್ಮಾನಿಸುವುದು ರಿಜಿಸ್ಟ್ರಾರ್ ಜನರಲ್ ಕಚೇರಿ. ಅದರ ಭಾಷಾ ವಿಭಾಗ ಕೋಲ್ಕತ್ತದಲ್ಲಿದೆ. ಲಂಬಾಣಿಗೆ ಪ್ರತ್ಯೇಕ ಸಾಲು ಕೊಡಿ ಎಂದು ಕರ್ನಾಟಕ ಸರ್ಕಾರ, ಇಲ್ಲಿನ ವಿಶ್ವವಿದ್ಯಾಲಯಗಳ ಭಾಷಾ ವಿಭಾಗಗಳು, ಕಲ್ಯಾಣ ಕರ್ನಾಟಕದ ಸಂಸದರು ಆ ಕಚೇರಿಗೆ ಲಿಖಿತವಾಗಿ ಕೇಳಬೇಕು. ವಿಂಗಡಣೆ ಮುಗಿದು ಕೋಷ್ಟಕ ಅಚ್ಚಾದ ಮೇಲೆ ಕೇಳಿದರೆ ಇನ್ನೊಂದು ಗಣತಿಯವರೆಗೆ ಕಾಯಬೇಕಾಗುತ್ತದೆ.